ಅಜ್ಜನ ಕಾರು

ಮಸೂತಿ ಊರಿನ ಮನೆಯ ಹಳೇ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿತು: ರುಮಾಲು ಸುತ್ತಿದ ಅಜ್ಜ, ಕಾರಿನ ಬಾನೆಟ್ ಮೇಲೆ ಗತ್ತಿನಿಂದ ಊರಿದ ಕೈ.

"1956ರ ಮದುವಿ ಫೋಟೋ. ಕಾರು ನಮ್ದ" ಎಂದ ಕಾಕಾ.

ಭೂತಗನ್ನಡಿ ಹಿಡಿದೆ. ಅಂಬಾಸಿಡರ್! ಬಂಗಾಳದ ಉತ್ತರಪಾರಾದಿಂದ ಆ ಹೆಸರಿನ ಕಾರು ಹೊರಬಿದ್ದದ್ದೇ 1950ರ ದಶಕದ ಕೊನೆಗೆ. ಅದರಲ್ಲೂ ಮೂತಿಯ ಜಾಳಿಗೆಯಲ್ಲಿ ಚೌಕಳಿ. ಅಂದರೆ ಮಾರ್ಕ್-2, 1960ರ ದಶಕದ ಸರಕು.

"ಹಂಗಾರ ಕಾಕಾ, ನಿನ್ನ ಅಪ್ಪ-ಅವ್ವನ ಮದುವ್ಯಾಗ ನೀನೂ ಉಂಡಿರಬೇಕಲ್ಲ?"

ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ನಕ್ಕಳು. "ಎಲ್ಲೀ ಮದುವೀನೋ! ನಮ್ಮ ದಿಬ್ಬಣ ಹೋಗಿದ್ದು ಚಕ್ಕಡ್ಯಾಗ. ಅದು ಓಟು ಕೇಳಾಕ ಬಂದವ್ರ ಕಾರು. ಕೆಸರಾಗ ಸಿಕ್ಕಿತ್ತು. ನಿಮ್ಮಜ್ಜ ನೂಕಾಕ ಹೋಗಿದ್ರು."

ಭೂತಗನ್ನಡಿಯನ್ನು ಕೆಳಗೆ ಸರಿಸಿದೆ. ಧೋತರಕ್ಕೆ ಮೊಣಕಾಲುಮಟ ಎರೆಮಣ್ಣು.