ಇನ್ನೂ ಮಾವ

ಅಣ್ಣಿಗೇರಿಯವರಿಗೆ 'ಇನ್ನೂ' ಎಂಬ ಶಬ್ದವನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆ ಇನ್ನೂ ಬಂದಿಲ್ಲ, ಬೆಳೆವಿಮೆ ಇನ್ನೂ ಜಮಾ ಆಗಿಲ್ಲ, ಗದಗಿನ ಬಸ್ಸು ಇನ್ನೂ ಕಂಡಿಲ್ಲ, ಮಹದಾಯಿ ನೀರಂತೂ ಇನ್ನೂ ಕಾಗದ ಬಿಟ್ಟು ಕೆಳಗಿಳಿದಿಲ್ಲ. ಎರೆಹೊಲದ ಬದುವಿನ ಮೇಲೆ ಕುಂತು ಮುಗಿಲು ನೋಡುವವರ ಶಬ್ದ ಅದು. ಅಂಥ ಊರಿಗೆ ನಮ್ಮ ಸೋದರಮಾವ ಅದೇ ಶಬ್ದವನ್ನು ಹುಬ್ಬಳ್ಳಿಯಿಂದ ರೊಕ್ಕ ಕೊಟ್ಟು ತಂದರು. ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರ, ಮಧ್ಯಾಹ್ನದ ಊಟ ಸಹಿತ.

ಇಂಥವರು ಈಗ ಊರಿಗೊಬ್ಬರು ಇದ್ದಾರೆ. ಕಿಸೆಯಲ್ಲಿ ಎರಡು ಪೆನ್ನು, ಬಗಲಲ್ಲಿ ಡೈರಿ, ಬೆಳಗಿನ ಐದಕ್ಕೆ ವಾಟ್ಸಾಪಿನಲ್ಲಿ ಸೂರ್ಯೋದಯ. ಚಹಾದಂಗಡಿ ಹುಡುಗನನ್ನು ನಿಲ್ಲಿಸಿ, "ಜೀವನದಾಗ ನಿನ್ನ ಗುರಿ ಏನೋ ತಮ್ಮಾ?" ಅಂದರು ಮಾವ. ಅವನು, "ಸಕ್ಕರಿ ಕಡಿಮಿ ಹಾಕ್ಲೇನ್ರಿ?" ಅಂದ. ಅದನ್ನೂ ಡೈರಿಯಲ್ಲಿ ಬರೆದುಕೊಂಡರು.

ಶಿಬಿರದವರು ಹೇಳಿಕೊಟ್ಟದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರೊಲ್ ಡ್ವೆಕ್ ಅವರ ಮಾತು. 2006ರಲ್ಲಿ ಬಂದ 'ಮೈಂಡ್‌ಸೆಟ್' ಪುಸ್ತಕದವರು. ಬುದ್ಧಿ ಹುಟ್ಟುತ್ತಲೇ ಅಳೆದು ಕೊಟ್ಟ ಗಂಟಲ್ಲ, ದುಡಿದರೆ ಬೆಳೆಯುತ್ತದೆ ಅನ್ನುವುದು ಅವರ ವಾದ. ಶಿಕಾಗೋದ ಒಂದು ಶಾಲೆಯಲ್ಲಿ ಪಾಸಾಗದವರ ಅಂಕಪಟ್ಟಿಯಲ್ಲಿ ನಪಾಸು ಅಂತ ಬರೆಯದೆ 'ಇನ್ನೂ ಇಲ್ಲ' ಅಂತ ಬರೆಯುವುದನ್ನು ಅವರು ಮೆಚ್ಚಿ ಹೇಳಿದ್ದರು. ಮಾವ ಅದನ್ನು ಹಿಡಿದರು. ಆಮೇಲೆ ಬಿಡಲಿಲ್ಲ.

ನನಗೆ ಅದು ತಾಗಿದ್ದು ಜೋಳದ ರೊಟ್ಟಿಯಿಂದ. ಹೆಂಡತಿ ತವರಿಗೆ ಹೋಗಿದ್ದಳು. "ರೊಟ್ಟಿ ಬಡಿಯೂದು ನನಗ ಬರಂಗಿಲ್ಲ ಮಾವಾ" ಅಂದುಬಿಟ್ಟೆ.

"ಬರಂಗಿಲ್ಲ ಅನಬ್ಯಾಡ ಅಳಿಯಾ. ಇನ್ನೂ ಬಂದಿಲ್ಲ ಅನ್ನು."

ಇನ್ನೂ ಬಂದಿಲ್ಲ ಅಂದೆ. ಅಷ್ಟಕ್ಕೇ ಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಧೋತರ ಎತ್ತಿ ಕಟ್ಟಿ ಅಡುಗೆಮನೆಗೇ ಬಂದರು. ಮೊದಲನೆಯ ರೊಟ್ಟಿ ಅಖಂಡ ಧಾರವಾಡ ಜಿಲ್ಲೆಯ ನಕಾಶೆಯಂತಿತ್ತು. ಎತ್ತುವಾಗ 1997 ಆಯಿತು. ಗದಗ, ಹಾವೇರಿ ಎರಡೂ ಕಿತ್ತು ಬಂದವು. ಮೂರನೆಯದರಲ್ಲಿ ನವಲಗುಂದದಿಂದ ಅಣ್ಣಿಗೇರಿ ತಾಲೂಕೂ ಬೇರೆಯಾಯಿತು. ಮಾವ ಬಾಗಿಲಿಗೆ ಆತು ನಿಂತು, "ಭೇಷ್! ಪ್ರಯತ್ನ ಭಾಳ ಛಲೋ ಐತಿ" ಅನ್ನುತ್ತಲೇ ಇದ್ದರು. ಒಂಬತ್ತಾದವು. ಓಣಿಯ ಎಮ್ಮೆಗೆ ಹಾಕಿದರೆ ಅದು ಮೂಸಿ ಮುಖ ತಿರುವಿತು. ಬಹುಶಃ ಅದಕ್ಕೂ ರುಚಿ ಇನ್ನೂ ಹತ್ತಿರಲಿಲ್ಲ.

ಕಡೆಗೆ ರೊಟ್ಟಿ ಮಾಡಿ ಮಾರುವ ಪಕ್ಕದ ಮನೆಯ ಅಕ್ಕ ಸಪ್ಪಳ ಕೇಳಿ ಇಣುಕಿದಳು. ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಅಣ್ಣಾರ, ಹಿಟ್ಟು ಹಳೇದೈತಿ, ಜಿಗಿ ಹೋಗೇತಿ. ಎಸರೂ ಕುದ್ದಿಲ್ಲ. ಇದರಾಗ ನಾ ಬಡದರೂ ಹರೀತಾವು." ಜೋಳಕ್ಕೆ ಗೋಧಿಯ ಅಂಟಿಲ್ಲ, ಕುದಿವ ನೀರೇ ಅದಕ್ಕೆ ಹಿಡಿತ ಕೊಡಬೇಕು. ಒಂದು ತಾಸಿನ ಹುರಿದುಂಬಿಸುವಿಕೆ ಹೇಳದ್ದನ್ನು ಅವಳು ಒಂದು ನಿಮಿಷದಲ್ಲಿ ಹೇಳಿದಳು.

ಡ್ವೆಕ್ ಅವರಿಗೂ ನಮ್ಮ ಮಾವನಂಥವರ ಕಾಟ ತಟ್ಟಿರಬೇಕು. 2015ರಲ್ಲಿ ಅವರೇ ಬರೆದರು: ಬರೀ ಪ್ರಯತ್ನವನ್ನು ಹೊಗಳಿದರೆ ಸಾಲದು, ದಾರಿ ಬದಲಿಸಬೇಕು, ಬಲ್ಲವರನ್ನು ಕೇಳಬೇಕು ಅಂತ. 2019ರಲ್ಲಿ ಅಮೆರಿಕದ ಸುಮಾರು 12 ಸಾವಿರ ಹೈಸ್ಕೂಲು ಮಕ್ಕಳಿಗೆ ಒಂದು ತಾಸಿಗೂ ಕಡಿಮೆ ಹೊತ್ತಿನಲ್ಲಿ ಇದೇ ಪಾಠ ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ಹಿಂದುಳಿದವರ ಗ್ರೇಡು ಏರಿದ್ದು ನಾಲ್ಕು ಚಿಲ್ಲರೆಯ ಅಳತೆಯಲ್ಲಿ ಸುಮಾರು 0.1. ಇದನ್ನು ಮಾವನಿಗೆ ಓದಿ ಹೇಳಿದೆ. "ಏರೇತಿಲ್ಲೊ?" ಅಂದರು.

ಸೋಲು ಒಪ್ಪದ ನಾನು ಪಂಪನನ್ನು ಎಳೆದು ತಂದೆ. ಅವನ ತಾಯಿ ಅಬ್ಬಣಬ್ಬೆ ನಮ್ಮೂರ ಜೋಯಿಸ ಸಿಂಘನ ಮೊಮ್ಮಗಳು. "ಒಂದು ಕಾವ್ಯ ಮೂರು ತಿಂಗಳಾಗ, ಇನ್ನೊಂದು ಆರು ತಿಂಗಳಾಗ ಬರದಾನ ಮಾವಾ. ಅದು ಹುಟ್ಟಿನಿಂದ ಬಂದದ್ದಲ್ಲೇನು?"

ಮಾವ ಬೆರಳು ಮಡಚಿ ಎಣಿಸಿದರು. "ಹುಟ್ಟಿದ್ದು 902, ಬರದದ್ದು 941. ಆ ಮೂರು ತಿಂಗಳ ಹಿಂದ ಮೂವತ್ತೊಂಬತ್ತು ವರ್ಷ ಅದಾವಲ್ಲೋ?"

ನಾನು ಸುಮ್ಮನಾದೆ. ಲೆಕ್ಕದಲ್ಲಿ ಮಾವ ನನ್ನನ್ನು ಹಿಡಿದದ್ದು ಅದೇ ಮೊದಲು. ಲೆಕ್ಕವೇ ಅವರ ಗಾಯ. ಹರೆಯದಲ್ಲಿ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಮೂರು ಸಲ ಕುಂತು ಮೂರು ಸಲ ಬಿದ್ದವರು. ಊರು ಅವರ ಹೆಸರಿಗೆ 'ನಪಾಸು' ಅಂತ ಅಡ್ಡಹೆಸರು ಹಚ್ಚಿತು. ಮದುವೆಯ ಪಂಕ್ತಿಯಲ್ಲೂ ಹಾಗೇ ಕರೆದು ಹೋಳಿಗೆ ಬಡಿಸಿತು. ಆಮೇಲೆ ಹತ್ತಿ ಜಿನ್ನಿನಲ್ಲಿ ಮೂವತ್ತು ವರ್ಷ ಅಂಡಿಗೆ ಎಣಿಸಿ ತೂಕ ಬರೆದರು. ಒಂದು ಸಲವೂ ತಪ್ಪಲಿಲ್ಲ. ಆದರೂ ಹೆಸರು ಹೋಗಲಿಲ್ಲ. ಅರವತ್ತು ದಾಟಿದ ಮೇಲೆ ಯಾರೋ ಒಬ್ಬರು, ಅದು ನಪಾಸಲ್ಲ, ಇನ್ನೂ ಇಲ್ಲ ಅಷ್ಟೇ ಅಂದರೆ, ಆ ಮನುಷ್ಯ ಆ ಶಬ್ದವನ್ನು ಓಣಿ ತುಂಬ ಹಂಚದೆ ಏನು ಮಾಡಬೇಕು?

ನಾನೇನು ಕಡಿಮೆಯವನಲ್ಲ. ಎಂಟನೆಯ ತರಗತಿಯ ಮಗಳು ಬೀಜಗಣಿತಕ್ಕೆ ಅತ್ತಾಗ, "ಬಿಡವ್ವಾ, ಗಣಿತ ನಮ್ಮ ಮನೆತನಕ್ಕ ಬರಂಗಿಲ್ಲ" ಅಂತ ಪ್ರೀತಿಯಿಂದಲೇ ಹೇಳಿದ್ದೆ. ಅವಳು ನಂಬಿ ಪುಸ್ತಕ ಮುಚ್ಚಿದಳು. ಅದನ್ನು ತೆರೆಸಿದವರು ಮಾವ. ಹೇಳಿಕೊಡುವುದಕ್ಕಲ್ಲ, ಹೇಳಿಸಿಕೊಳ್ಳುವುದಕ್ಕೆ. ಖಾಸಗಿ ಅಭ್ಯರ್ಥಿಯಾಗಿ ಮತ್ತೆ ಪರೀಕ್ಷೆ ಕಟ್ಟಿದ್ದರು. "ಎಕ್ಸ್ ಅಂದರೇನು ಹೇಳವ್ವಾ" ಅಂತ ಅವಳ ಮುಂದೆ ಚಾಪೆಯ ಮೇಲೆ ಕುಂತರು. ಮಾವನಿಗೆ ತಿಳಿಯುವಂತೆ ಹೇಳಲು ಹೋಗಿ ಅವಳಿಗೇ ತಿಳಿಯತೊಡಗಿತು.

ಈಗ ಸಂಜೆ ಅವರಿಬ್ಬರೂ ಪಡಸಾಲೆಯಲ್ಲಿ ಸಮೀಕರಣ ಬಿಡಿಸುತ್ತಾರೆ. ನಾನು ಒಳಗೆ ಹೊಸ ಹಿಟ್ಟಿನಲ್ಲಿ, ಎಸರು ಕುದಿಸಿ, ರೊಟ್ಟಿ ಬಡಿಯುತ್ತೇನೆ. ಹತ್ತರಲ್ಲಿ ಆರು ದುಂಡಗಾಗುತ್ತವೆ. ಮಾವನ ಫಲಿತಾಂಶ ಬಂತು. ಉಳಿದ ವಿಷಯ ಎಲ್ಲ ಪಾಸು, ಗಣಿತದಲ್ಲಿ 28. ಪಾಸಿಗೆ ಸಾಲದು. ಮಾವ ಮರುದಿನವೇ ಮುಂದಿನ ಪರೀಕ್ಷೆಗೆ ಫೀ ಕಟ್ಟಿ ಬಂದರು.