ಹೋಲ್ಡ್ ಟ್ಯಾಗ್ ಹಾಕಿದ್ದು ನಾನೇ: ಪ್ಲಾಂಟ್ ಹೆಡ್ ಅವರಿಗೊಂದು ಬಹಿರಂಗ ಪತ್ರ



ಪ್ಯಾಕಿಂಗ್ ಲೈನಿನ ಕೊನೆಯಲ್ಲಿ ನಾವು ಮಾಡುವ ಕೆಲಸವನ್ನು ನೀವು ಒಂದು ಶಿಫ್ಟಾದರೂ ನಿಂತು ನೋಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಐವಿ ಕ್ಯಾನುಲಾ ಪ್ಯಾಕಿಗೆ ಒಂದು ಬದಿ ಪ್ಲಾಸ್ಟಿಕ್, ಇನ್ನೊಂದು ಬದಿ ಕಾಗದ. ಎಥಿಲೀನ್ ಆಕ್ಸೈಡ್ ಅನಿಲ ಆ ಕಾಗದದ ಮೂಲಕವೇ ಒಳಹೊಕ್ಕು ಕ್ರಿಮಿಗಳನ್ನು ಕೊಂದು ಹೊರಬರುತ್ತದೆ. ಹೊರಗಿನ ಕ್ರಿಮಿ ಮಾತ್ರ ಒಳಗೆ ಹೋಗಕೂಡದು. ಅಂಚಿನ ಸೀಲಿನ ಮೇಲೆ ಕೂದಲೆಳೆಯಷ್ಟು ಸುಕ್ಕು ಬಿದ್ದರೂ ಅದು ದಾರಿಯಾಗಬಹುದು. ಅನುಮಾನ ಬಂದ ಪ್ಯಾಕಿನೊಳಗೆ ಬಣ್ಣದ ದ್ರಾವಣ ಬಿಟ್ಟು ಬೆಳಕಿಗೆ ಹಿಡಿಯುತ್ತೇವೆ. ಸೀಲ್ ಗಟ್ಟಿಯಿದ್ದರೆ ಬಣ್ಣ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಸುಕ್ಕಿನುದ್ದಕ್ಕೂ ನೀಲಿ ಗೆರೆಯೊಂದು ಹರಿದು ಹೊರಗೆ ಬಂದುಬಿಡುತ್ತದೆ.

ಹೋದ ತಿಂಗಳ ಕೊನೆಯ ಬ್ಯಾಚಿನಲ್ಲಿ ನಾನು ಕಂಡದ್ದು ಆ ಗೆರೆಯನ್ನೇ. ಅದು 24 ಗೇಜಿನ ಹಳದಿ ಮಾಲು. ಹೆಚ್ಚಾಗಿ ಮಕ್ಕಳಿಗೆ, ಹಸುಗೂಸುಗಳಿಗೆ ಚುಚ್ಚುವಂಥದ್ದು. ಅದು ಹೊರಗೆ ಹೋಗದಂತೆ ತಡೆಹಿಡಿಯಲು ಬ್ಯಾಚಿಗೆ ಹೋಲ್ಡ್ ಟ್ಯಾಗ್ ಹಾಕಿದೆ. ಮರುದಿನದ ಮೀಟಿಂಗಿನಲ್ಲಿ "ಮೆಷಿನ್ನಿಗೆ ಏನಾಗಿದೆ?" ಎಂದು ಯಾರೂ ಕೇಳಲಿಲ್ಲ. "ಹೋಲ್ಡ್ ಟ್ಯಾಗ್ ಹಾಕಿದ್ದು ಯಾರು?" ಎಂದು ಕೇಳಿದಿರಿ.

ಎಥಿಲೀನ್ ಆಕ್ಸೈಡ್ ಚೇಂಬರಿಗೆ ಹೋಗಿಬಂದರೆ ಎಲ್ಲ ಸರಿಹೋಗುತ್ತದೆ ಎಂದೂ ಅಂದಿರಿ. ಆ ಹೊತ್ತಿಗೆ ಒಳಗಿರುವ ಕ್ರಿಮಿ ಸಾಯುತ್ತದೆ, ನಿಜ. ಆಮೇಲೆ ಗೋದಾಮು, ಲಾರಿ, ಆಸ್ಪತ್ರೆಯ ಕಪಾಟು. ಅಷ್ಟೂ ದಿನ ಕಾಯಬೇಕಾದದ್ದು ಸೀಲೇ. ಸ್ಟೆರಿಲಿಟಿ ಪರೀಕ್ಷೆಗೆ ಹೋಗುವುದು ಬ್ಯಾಚಿನ ಕೆಲವೇ ಪೀಸು. 14 ದಿನ ಕಾದು ಅವು ಪಾಸಾದವು ಎಂದ ಮಾತ್ರಕ್ಕೆ ಉಳಿದ ಸೀಲುಗಳಿಗೆ ಯಾರು ಜವಾಬು ಹೇಳುತ್ತಾರೆ?

ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ವಿಷಯ ನಿಮಗೆ ಗೊತ್ತಿರುತ್ತದೆ. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣ ಕೊಟ್ಟಿತು. ಕೆಲವರು ಪ್ರಾಣ ಕಳೆದುಕೊಂಡರು. ಹಿಂದಿನ ಮಾದರಿಗಳಲ್ಲಿದ್ದ ಯಂತ್ರಾಂಶದ ಸುರಕ್ಷತಾ ತಡೆಗಳನ್ನು ಕೈಬಿಟ್ಟು ತಂತ್ರಾಂಶವನ್ನೇ ನಂಬಿದ್ದರು. ಆಸ್ಪತ್ರೆಯಿಂದ ದೂರು ಬಂದಾಗ ತಯಾರಕರು ಮೊದಲು ಕೊಟ್ಟ ಉತ್ತರ, ಹಾಗಾಗಲು ಸಾಧ್ಯವೇ ಇಲ್ಲ ಎಂಬುದು. ಹೋಲ್ಡ್ ಹಾಕಿದವರ ಬಾಯಿ ಮುಚ್ಚಿಸಿದರೆ ನಾವೂ ಒಂದು ದಿನ ಆ ಉತ್ತರವನ್ನೇ ಕೊಡುತ್ತೇವೆ ಎಂಬ ಭಯ ನನಗಿದೆ.

ಈ ಕೆಲಸದ ಮೇಲೆ ನನಗೆ ಪ್ರೀತಿಯಿದೆ. ಬ್ಯಾಚ್ ರೆಕಾರ್ಡಿನಲ್ಲಿ ತಪ್ಪಾದರೆ ವೈಟ್ನರ್ ಹಚ್ಚುವಂತಿಲ್ಲ. ಒಂದೇ ಗೆರೆ ಎಳೆದು ಸಹಿ, ತಾರೀಖು ಹಾಕಬೇಕು, ಹಳೆಯದು ಓದಲು ಬರಬೇಕು. ಎಂಥ ಒಳ್ಳೆಯ ಪದ್ಧತಿ! 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಆಡಿಟ್‌ನವರು ಬಂದಾಗ ಈ ಕಡತಗಳನ್ನು ನಾವು ಹೆಮ್ಮೆಯಿಂದ ತೋರಿಸುತ್ತೇವೆ. ಕಾಗದದ ಮೇಲೆ ಕಾಣುವಂತೆ ಉಳಿಸುವ ತಪ್ಪನ್ನು ಮೀಟಿಂಗಿನಲ್ಲೂ ಆಡಲು ಬಿಡಿ.

ಸೀಲಿಂಗ್ ಮೆಷಿನ್ ಪಕ್ಕ ನಿಲ್ಲುವ ಕಾಂಟ್ರ್ಯಾಕ್ಟ್ ಹೆಣ್ಣುಮಕ್ಕಳೇ ಸುಕ್ಕನ್ನು ಮೊದಲು ಕಾಣುವವರು. ಹೇಳಿದರೆ ನಾಳೆ ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ ಎಂದು ಅವರು ಹಿಂಜರಿಯುತ್ತಾರೆ. ಲೈನ್ ನಿಲ್ಲಿಸುವ ಅಧಿಕಾರವನ್ನು ಅವರಿಗೂ ಬರಹದಲ್ಲಿ ಕೊಡಿ. ಬ್ಯಾಚ್ ಬಿಡುಗಡೆಗೆ ಸಹಿ ಹಾಕುವವರ ಇನ್‌ಕ್ರಿಮೆಂಟನ್ನು ಡಿಸ್ಪ್ಯಾಚ್ ಲೆಕ್ಕಕ್ಕೆ ಗಂಟು ಹಾಕಬೇಡಿ. ಆ ಮೆಷಿನ್ನಿನ ಸೀಲಿಂಗ್ ಪ್ಲೇಟ್ ಇನ್ನೂ ಬದಲಾಗಿಲ್ಲ. ಮುಂದಿನ ಬ್ಯಾಚ್ ಹತ್ತಿಸುವ ಮೊದಲು ಬದಲಾಯಿಸಿಕೊಡಿ.

ಇಂತಿ,
ನಿಮ್ಮ ಪ್ಯಾಕಿಂಗ್ ಲೈನಿನ ಕ್ಯೂಸಿ ಇನ್‌ಸ್ಪೆಕ್ಟರ್