ಹಳೇದು ತಂದಿದ್ದೀರಾ?

ನಲ್ಲಿ ಹಗಲು ಹೊತ್ತಿನಲ್ಲಿ ಸೋರುವುದಿಲ್ಲ. ಸೋರಿದರೂ ಕುಕ್ಕರಿನ ಸೀಟಿ, ಸೊಪ್ಪಿನವಳ ಕೂಗು, ಪಕ್ಕದ ಮನೆಯ ಮಿಕ್ಸಿ ಇಷ್ಟರ ನಡುವೆ ಅದರ ದನಿ ಯಾರಿಗೆ ಕೇಳಬೇಕು? ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ, ಇನ್ನೇನು ಕಣ್ಣು ಹತ್ತಬೇಕು ಅನ್ನುವಾಗ ಶುರು: ಟಪ್. ಆಮೇಲೆ ಇನ್ನೊಂದು ಟಪ್. ಎಣಿಸಿದೆ; ಸೆಕೆಂಡಿಗೊಂದು. ಎದ್ದು ಹೋಗಿ ಕೆಳಗೊಂದು ಚೊಂಬಿಟ್ಟೆ. ಟಪ್ ಹೋಗಿ ಟಣ್ ಬಂತು. ಬೆಳಗ್ಗೆ ಐದಕ್ಕೆ ನೋಡಿದರೆ ಚೊಂಬು ತುಂಬಿ ಚೆಲ್ಲಿತ್ತು.

ಪ್ಲಂಬರನಿಗೆ ಫೋನ್ ಮಾಡಿದೆ. "ಈಗ್ ಬಂದೆ ಸಾರ್" ಅಂದ. ಅವನ 'ಈಗ' ನಮ್ಮ ಗಡಿಯಾರದ್ದಲ್ಲ, ಬ್ರಹ್ಮನ ಕಾಲಮಾನದ್ದು. ನಾಲ್ಕನೆಯ ದಿನ ನಾನೇ ಸ್ಕ್ರೂಡ್ರೈವರ್ ಹಿಡಿದೆ. ಅದನ್ನು ಕಂಡ ಹೆಂಡತಿ ಏನೂ ಅನ್ನದೆ ಎರಡು ಬಕೆಟ್ ನೀರು ಹಿಡಿದಿಟ್ಟುಕೊಂಡಳು. ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ಮಾತಿಗಿಂತ ಬಕೆಟ್ಟೇ ಹೆಚ್ಚು ಹೇಳುತ್ತದೆ.

ಮೊದಲು ಗೇಟ್ ವಾಲ್ವ್ ಮುಚ್ಚಬೇಕು, ಅಷ್ಟು ಗೊತ್ತಿತ್ತು. ಆದರೆ ಅದು ತಿರುಗಲಿಲ್ಲ. ಗೃಹಪ್ರವೇಶದ ದಿನ ತಿರುಗಿಸಿದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಉಪ್ಪುನೀರಿನ ಬಿಳಿ ಕರೆ ಕಟ್ಟಿಕೊಂಡು ಕಲ್ಲಾಗಿತ್ತು. ವರ್ಷಕ್ಕೆರಡು ಸಲವಾದರೂ ವಾಲ್ವನ್ನು ಪೂರ್ತಿ ಮುಚ್ಚಿ ತೆರೆಯಬೇಕಂತೆ. ಈಗ ನಮ್ಮ ಮನೆಯಲ್ಲಿ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ, ಎಣ್ಣೆನೀರಿನ ಜೊತೆಗೆ ಈ ಶಾಸ್ತ್ರವೂ ನಡೆಯುತ್ತದೆ. ಆ ದಿನ ಮಾತ್ರ ಟ್ಯಾಂಕನ್ನೇ ಖಾಲಿ ಮಾಡಿದೆ. ನಲ್ಲಿಯ ತಲೆ ಬಿಚ್ಚುವಾಗ ಒಂದು ಪುಟ್ಟ ಸ್ಕ್ರೂ ಕೈಜಾರಿ ಸಿಂಕಿನ ತೂತಿನೊಳಗೆ ಹೋಯಿತು. ಬಿಚ್ಚುವ ಮೊದಲು ತೂತಿಗೊಂದು ಬಟ್ಟೆ ತುರುಕಬೇಕೆಂಬುದು ಹೊಳೆದದ್ದು ಅದು ಹೋದ ಸದ್ದು ಕೇಳಿದ ಮೇಲೆ.

ಒಳಗೆ ಸಿಕ್ಕಿದ್ದು ಒಂದು ವಾಷರು. ಕರಿಯ ರಬ್ಬರಿನ ಬಿಲ್ಲೆ, ಹಳೆಯ ನಾಲ್ಕಾಣೆಯಷ್ಟಗಲ. ಅದನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹಾರ್ಡ್‌ವೇರ್ ಅಂಗಡಿಗೆ ಓಡಿದೆ.

ಹಾರ್ಡ್‌ವೇರ್ ಅಂಗಡಿಗೆ ಕಾಲಿಟ್ಟರೆ ನನ್ನಂಥ ಓದುಬರಹದವನಿಗೆ ಸಂಸ್ಕೃತ ಪಾಠಶಾಲೆಗೆ ತಡವಾಗಿ ಸೇರಿದ ಹುಡುಗನ ಸ್ಥಿತಿ. ಎಲ್ಬೋ, ಟೀ, ನಿಪ್ಪಲ್, ಯೂನಿಯನ್, ಅರ್ಧ ಇಂಚು, ಮುಕ್ಕಾಲು ಇಂಚು, ಒಳಮರೆ, ಹೊರಮರೆ ಎಂದು ಮೇಸ್ತ್ರಿಗಳು ಮಂತ್ರದಂತೆ ಒದರುತ್ತಿರುತ್ತಾರೆ. ನನ್ನ ಸರದಿ ಬಂದಾಗ "ಒಂದು ವಾಷರ್ ಕೊಡಿ" ಅಂದೆ. ಅಂಗಡಿಯವರು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು, "ಹಳೇದು ತಂದಿದ್ದೀರಾ?"

ತಂದಿರಲಿಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ "ಇಷ್ಟಗಲ" ಅಂದೆ. ಅವರು ಇಷ್ಟಗಲದ್ದೇ ಐದು ಜಾತಿಯ ವಾಷರುಗಳನ್ನು ಗಾಜಿನ ಮೇಲೆ ಹರವಿದರು. ಒಂದನ್ನು ಆರಿಸಿ ತಂದೆ. ಅದು ಆ ನಲ್ಲಿಯದಲ್ಲ.

ಹಳೇದನ್ನು ಒಯ್ಯಬೇಕೆಂಬುದನ್ನು ನಾನು ಮೊದಲು ಕಂಡದ್ದು ಆ ಅಂಗಡಿಯಲ್ಲಲ್ಲ, ಅಜ್ಜನಲ್ಲಿ. ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹೊರಟ ವಂಶ ಅದು; ಆಮೇಲೆ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು, ಪ್ರತಿಯೊಂದೂ ಹೆಂಚಿನ ಬೆನ್ನಿಗೆ ತನ್ನ ಹೆಸರು ಒತ್ತಿತು. ಮೃಗಶಿರಾ ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸುವುದು ಅಜ್ಜನ ವಾರ್ಷಿಕ ವ್ರತ. ವರ್ಷವಿಡೀ ಮಂಗಗಳು ಕುಣಿದು ಒಡೆದದ್ದನ್ನೆಲ್ಲ ಹುಡುಕಿ ತೆಗೆದು, ಮೇಲಿನ ಸಾಲಿನ ಹೆಂಚನ್ನು ಮೆಲ್ಲಗೆ ಎತ್ತಿ, ಹೊಸದನ್ನು ಕೆಳಗಿನಿಂದ ನುಸುಳಿಸಿ, ಅದರ ಬೆನ್ನಿನ ಹಲ್ಲು ರೀಪಿಗೆ ಕಚ್ಚಿಕೊಳ್ಳುವವರೆಗೆ ಜಗ್ಗುತ್ತಿದ್ದರು. ಕಾಲಿಡುವುದು ಪಕಾಸಿ ಇರುವಲ್ಲಿ ಮಾತ್ರ. ಬೇರೆ ಕಡೆ ಇಟ್ಟರೆ ಒಂದು ಹೆಂಚು ಹಾಕಲು ಹೋಗಿ ನಾಲ್ಕು ಒಡೆದು ಬರುತ್ತೀರಿ. ಹೊಸ ಹೆಂಚು ತರಲು ಪೇಟೆಗೆ ಹೊರಟರೆ ಅಜ್ಜ ಗೋಣಿಚೀಲದಲ್ಲಿ ಒಂದು ಹಳೆಯ ಹೆಂಚು ಸುತ್ತಿಕೊಂಡೇ ಬಸ್ಸು ಹತ್ತುತ್ತಿದ್ದರು. ಒಂದು ಕಾರ್ಖಾನೆಯ ಹೆಂಚಿನ ಗಾಡಿಗೆ ಇನ್ನೊಂದರದ್ದು ಕೂರುವುದಿಲ್ಲ. ಕೂತಂತೆ ಕಂಡರೂ ಆಷಾಢದಲ್ಲಿ ನಡುಮನೆಗೆ ನೀರು. ಕಂಡಕ್ಟರು ಆ ಹೆಂಚಿಗೂ ಲಗೇಜು ಚೀಟಿ ಹರಿಯುತ್ತಿದ್ದ. ಅದು ಅಜ್ಜನ ಬಾಳಿನ ದೊಡ್ಡ ಕೊರಗು.

ಅಜ್ಜನ ಇನ್ನೊಂದು ನಿಷೇಧ: ಮಳೆಗಾಲದಲ್ಲಿ ಬಾಗಿಲಿಗೆ ಉಜ್ಜುಗೊರಡು ಹಾಕಬಾರದು. ಇದು ನನಗೆ ನೆನಪಾದದ್ದು ಹಾಕಿದ ಮೇಲೆ. ಬೆಂಗಳೂರಿನ ಮನೆಯ ದೇವರಕೋಣೆ ಬಾಗಿಲು ಜುಲೈ ತಿಂಗಳಲ್ಲಿ ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ನೂಕಿದರೆ ತೆರೆಯುವಂತಾಯಿತು. ಭಕ್ತಿಗೂ ಒಂದು ಮಿತಿಯಿದೆ. ಒಂದು ಭಾನುವಾರ ಹೆರೆದೇ ಹೆರೆದೆ, ಬಾಗಿಲು ಬೆಣ್ಣೆಯಂತೆ ಮುಚ್ಚಿಕೊಂಡಿತು. ತೇವ ಕುಡಿದ ಮರ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ; ಒಣಗಿದಾಗ ಮತ್ತೆ ಕುಗ್ಗುತ್ತದೆ. ಮಾರ್ಚಿನ ಹೊತ್ತಿಗೆ ಚೌಕಟ್ಟಿಗೂ ಬಾಗಿಲಿಗೂ ನಡುವೆ ಹಲ್ಲಿ ತಲೆ ತಗ್ಗಿಸದೆ ಓಡಾಡುವಷ್ಟು ಸಂದು. ಉಜ್ಜುವ ಜಾಗಕ್ಕೆ ಮೇಣದಬತ್ತಿಯ ತುಂಡನ್ನು ತಿಕ್ಕಿ ಎರಡು ತಿಂಗಳು ತಳ್ಳಿದ್ದರೆ ಸಾಕಿತ್ತು. ಕೆಲವು ಸಲ ದೋಷ ಮರದ್ದೂ ಅಲ್ಲ, ಹಿಂಜಿನ ಸ್ಕ್ರೂ ಸಡಿಲಾಗಿ ಬಾಗಿಲು ಜೋಲುಬಿದ್ದಿರುತ್ತದೆ. ಆಗ ಸ್ಕ್ರೂ ತೆಗೆದು, ಅದರ ತೂತಿಗೆ ಫೆವಿಕಾಲಿನಲ್ಲಿ ಅದ್ದಿದ ಬೆಂಕಿಕಡ್ಡಿಗಳನ್ನು ತುಂಬಿ, ಒಣಗಿದ ಮೇಲೆ ಮತ್ತೆ ತಿರುಗಿಸಿದರೆ ಕಚ್ಚಿ ಹಿಡಿಯುತ್ತದೆ. ಕಡ್ಡಿಯ ಮದ್ದಿನ ತುದಿ ಮುರಿದು ಹಾಕಿ ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಡ್ರಿಲ್ಲಿನ ವಿಚಾರ ಹೆಚ್ಚು ಹೇಳುವುದಿಲ್ಲ, ಎದುರುಮನೆಯವರು ಇದನ್ನು ಓದಬಹುದು. ಬಾಗಿಲ ಮೇಲೆ ಅಜ್ಜನ ಫೋಟೋ ಹಾಕಲು ಹೊರಟಿದ್ದೆ. ಅಲ್ಲಿರುವುದು ಲಿಂಟಲ್, ಕಂಬಿ ಹಾಕಿದ ಕಾಂಕ್ರೀಟು. ನನ್ನ ಸಾಧಾರಣ ಡ್ರಿಲ್ಲು ಅರ್ಧ ಗಂಟೆ ಕಿರುಚಿ ಅರ್ಧ ಇಂಚು ಹೋಯಿತು. ಎರಡಡಿ ಪಕ್ಕಕ್ಕೆ ಇಟ್ಟಿಗೆ ಗೋಡೆಯಲ್ಲಿ ಎರಡು ನಿಮಿಷದ ಕೆಲಸ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಮಾತ್ರ ಕೊರೆಯಬೇಡಿ, ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಇಳಿದಿರುತ್ತದೆ. ಕೊರೆಯುವ ಜಾಗದ ಕೆಳಗೆ ಹಳೆಯ ಮದುವೆ ಕಾಗದದ ಲಕೋಟೆಯನ್ನು ಬಾಯಿ ತೆರೆದು ಅಂಟಿಸಿದರೆ ಧೂಳೆಲ್ಲ ಅದರೊಳಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ನನ್ನ ಈ ಒಂದು ಉಪಾಯಕ್ಕೆ ಮಾತ್ರ ಮನ್ನಣೆ ಸಿಕ್ಕಿದೆ.

ಇನ್ನು ತಾರಸಿಯ ಕುಂಡದ ಕರಿಬೇವು. ಅದು ಸೊರಗಿದಾಗ ಮಜ್ಜಿಗೆ ಹಾಕಿ ಎಂದು ಇಡೀ ಬೀದಿ ಹೇಳಿತು. ಹಾಕಿದೆ. ನೀರೂ ಹಾಕಿದೆ, ಬೆಳಿಗ್ಗೆ ಸಂಜೆ, ಪ್ರೀತಿಯಿಂದ. ಎಲೆ ಹಳದಿಯಾಯಿತು; ಇನ್ನಷ್ಟು ಹಾಕಿದೆ. ಕೊನೆಗೆ ನರ್ಸರಿಗೆ ಹೋಗಿ ರೋಗಲಕ್ಷಣ ವರ್ಣಿಸಲು ಬಾಯಿ ತೆರೆದರೆ ಆತ ಕೈಚಾಚಿ ಕೇಳಿದ, "ಎಲೆ ತಂದಿದ್ದೀರಾ?" ನನಗೆ ನಗು ಬಂತು. ಮರುದಿನ ಎಲೆಯಷ್ಟೇ ಏಕೆ, ಕುಂಡವನ್ನೇ ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಹೋದೆ. ಆತ ಎಲೆಯನ್ನು ನೋಡಲೂ ಇಲ್ಲ. ಕುಂಡ ಮಗುಚಿ ತಳದ ತೂತಿಗೆ ಕಡ್ಡಿ ಚುಚ್ಚಿದ. ಬೇರು ಮಣ್ಣು ಸೇರಿ ಬಿರಡೆ ಹಾಕಿದಂತೆ ಮುಚ್ಚಿತ್ತು. ಪಾಪ, ಗಿಡ ಬಾಯಾರಿರಲಿಲ್ಲ, ಮುಳುಗುತ್ತಿತ್ತು. "ಬೆರಳು ಎರಡು ಗಿಣ್ಣಿನವರೆಗೆ ಮಣ್ಣಿಗೆ ಹಾಕಿ ನೋಡಿ, ಒಣಗಿದ್ದರೆ ಮಾತ್ರ ನೀರು" ಅಂದ. ಈಗ ಗಿಡ ಚಿಗುರಿದೆ. ಮೊನ್ನೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಕಂಡು ಒರೆಸಲು ಹೋದರೆ ಅದು ಕೆಂಪು ಕೊಂಬೆರಡನ್ನು ಹೊರಚಾಚಿ ನನ್ನನ್ನು ಹೆದರಿಸಿತು. ಚಿಟ್ಟೆಯ ಮರಿಹುಳು. ಔಷಧಿ ಹೊಡೆಯೋಣವೆಂದರೆ ಹೆಂಡತಿ ಬಿಡಲಿಲ್ಲ. ಒಗ್ಗರಣೆಗೆ ಈಗ ಅದು ಉಳಿಸಿದ್ದು.

ನಲ್ಲಿಯ ಕಥೆ ಮುಗಿದಿಲ್ಲ. ಎರಡನೆಯ ಸಲ ಹಳೆಯ ವಾಷರನ್ನು ಕಾಗದದಲ್ಲಿ ಮಡಿಸಿ, ಜೇಬಿನಲ್ಲಿಟ್ಟು, ಆಟೋ ಹಿಡಿದು ಹೋದೆ. ಸಾಲಿನಲ್ಲಿ ನಿಂತವನಿಗೆ ಮೊದಲ ಬಾರಿಗೆ ಎದೆ ಉಬ್ಬಿತ್ತು. ಅವರು ಕೇಳುವ ಮೊದಲೇ ಬಿಚ್ಚಿ ಗಾಜಿನ ಮೇಲಿಟ್ಟೆ. ಅವರು ಅದನ್ನೆತ್ತಿ ಬೆಳಕಿಗೆ ಹಿಡಿದರು. ಒಂದು ಮುಖದಲ್ಲಿ ಬಳೆಯಂತೆ ತಗ್ಗು ಬಿದ್ದಿತ್ತು. ಮಗುಚಿದರು, ಆ ಕಡೆ ನುಣ್ಣಗೆ, ಹೊಸದರ ಹಾಗೆ.

"ಇದನ್ನೇ ತಿರುಗಿಸಿ ಹಾಕಿ ಸಾರ್. ಸದ್ಯಕ್ಕೆ ಓಡುತ್ತೆ."

ಏನೂ ಕೊಳ್ಳದೆ ಹೊರಡಲು ಸಂಕೋಚವಾಗಿ ಒಂದು ಟೆಫ್ಲಾನ್ ಟೇಪು ಕೊಂಡೆ. ಅಷ್ಟರಲ್ಲಿ ಹಿಂದಿನಿಂದ ನನ್ನ ವಯಸ್ಸಿನವರೇ ಒಬ್ಬರು, ಕೈಬೀಸಿಕೊಂಡು ಬಂದವರು, "ಒಂದು ವಾಷರ್ ಕೊಡಿ" ಅಂದರು. ಅಂಗಡಿಯವರು ಕನ್ನಡಕ ಸರಿಮಾಡಿಕೊಂಡರು. ಮುಂದಿನ ಮಾತು ಕೇಳದೆ ಹೊರಡಲು ಮನಸ್ಸಾಗಲಿಲ್ಲ. ಆಟೋದವನಿಗೆ ಒಂದು ನಿಮಿಷ ತಾಳು ಎಂದು ಕೈಸನ್ನೆ ಮಾಡಿದೆ.